ಗಲ್ಫ್ ಕೆಲಸದ ವೀಸಾ: ಯಾವುದು ಮೊದಲು, ಯಾವುದು ಆಮೇಲೆ? ಹಾಸನ, ಚಿಕ್ಕಮಗಳೂರಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯಿಂದ ದುಬೈಗೋ ಸೌದಿಗೋ ಕೆಲಸಕ್ಕೆ ಹೊರಟವರು ಹೆಚ್ಚಾಗಿ ಎಡವುವುದು ಒಂದೇ ಜಾಗದಲ್ಲಿ. ದುಡ್ಡು ಮೊದಲು ಕೊಡುತ್ತಾರೆ, ಕಾಗದ ಕೊನೆಗೆ ಓದುತ್ತಾರೆ. ಇದ್ದ ಕೆಲಸ ಬಿಟ್ಟಾಗಿರುತ್ತದೆ, ಮನೆಯ ಒಡವೆ ಅಡ ಇಟ್ಟಾಗಿರುತ್ತದೆ, ಹೊರಡುವ ಹಿಂದಿನ ದಿನ ವಾಟ್ಸಾಪ್‌ಗೆ ವೀಸಾ ಬರುತ್ತದೆ, ತೆಗೆದು ನೋಡಿದರೆ ಟೂರಿಸ್ಟ್ ವೀಸಾ. ಅಷ್ಟು ಹೊತ್ತಿಗೆ ಹಿಂದೆ ಸರಿಯಲು ಯಾರಿಗೂ ಧೈರ್ಯ ಬರುವುದಿಲ್ಲ. ಹೋಗಿಯೇ ಬಿಡುತ್ತಾರೆ.

ಅದಕ್ಕೇ ಇಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಒಂದು ಹಂತ ಮುಗಿಯದೆ ಮುಂದಿನದಕ್ಕೆ ಕೈ ಹಾಕಬೇಡಿ. ಡ್ರೈವರ್, ಎಲೆಕ್ಟ್ರಿಷಿಯನ್, ವೆಲ್ಡರ್, ಅಡುಗೆಯವರು, ಹೋಟೆಲ್ ಕೆಲಸದವರು, ನರ್ಸ್‌ಗಳು, ಎಲ್ಲರಿಗೂ ದಾರಿ ಹೆಚ್ಚು ಕಡಿಮೆ ಇದೇ. ಬೇರೆ ಇರುವ ಕಡೆ ಬೇರೆಯಾಗಿ ಹೇಳುತ್ತೇನೆ.

## ಮೊದಲೇ ಕೈಯಲ್ಲಿ ಇರಬೇಕಾದ್ದು

ಪಾಸ್‌ಪೋರ್ಟ್, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಐಟಿಐ ಅಥವಾ ಡಿಗ್ರಿ ಸರ್ಟಿಫಿಕೇಟ್, ಕೆಲಸ ಮಾಡಿದ ಕಡೆಯ ಅನುಭವ ಪತ್ರ, ಬಿಳಿ ಹಿನ್ನೆಲೆಯ ಫೋಟೊ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದೆ ಹೋಗುವುದು ಇನ್ನೊಂದು. ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರ್. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರ್‌ನಲ್ಲಿ ಅರ್ಜಿ ತುಂಬಿಸುವಾಗ ಅಲ್ಲಿನವರು ಬೇಗ ಆಗಲಿ ಅಂತ ತಮ್ಮದೇ ನಂಬರ್ ಹಾಕಿಬಿಡುತ್ತಾರೆ. ಏಜೆಂಟ್ ಆದರೆ ಬೇಕಂತಲೇ ಹಾಕುತ್ತಾನೆ. ಆಮೇಲೆ ಒಟಿಪಿ ಎಲ್ಲ ಅವರಿಗೇ ಹೋಗುತ್ತದೆ. ನಿಮ್ಮ ಅರ್ಜಿ ಎಲ್ಲಿಗೆ ಬಂತು ಅಂತ ನಿಮಗೇ ನೋಡಲು ಆಗುವುದಿಲ್ಲ. ಹಾಗಾಗಿ ಮೊದಲ ಕೆಲಸ ಇಮೇಲ್ ಮಾಡಿಕೊಳ್ಳುವುದು, ಪಾಸ್‌ವರ್ಡ್ ಮನೆಯಲ್ಲಿ ಒಬ್ಬರಿಗೆ ಬರೆದು ಕೊಡುವುದು.

## ಹಂತ 1: ಪಾಸ್‌ಪೋರ್ಟ್ ತೆಗೆದು ಮೂರು ವಿಷಯ ನೋಡಿ

ಅವಧಿ. ಕನಿಷ್ಠ 6 ತಿಂಗಳು ಇರಲೇಬೇಕು. ಎರಡು ವರ್ಷದ ಕರಾರಿಗೆ ಹೋಗುವವರು ಮೂರು ವರ್ಷ ಇರುವಂತೆ ನೋಡಿಕೊಂಡರೆ ಒಳ್ಳೆಯದು. ಅಲ್ಲಿ ಹೋಗಿ ನವೀಕರಣಕ್ಕೆ ರಜೆ ಕೇಳುವ ಪಾಡು ಬೇಡ.

ಹೆಸರು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್‌ನಲ್ಲಿ ಇರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ 'ಮಂಜುನಾಥ ಎಚ್.ಆರ್.', ಆಧಾರ್‌ನಲ್ಲಿ ಬರೀ 'ಮಂಜುನಾಥ', ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಈ ಒಂದೇ ಹೆಸರಿನ ಪಾಸ್‌ಪೋರ್ಟ್ ಗಲ್ಫ್‌ನಲ್ಲಿ ತೊಂದರೆ ಕೊಡುತ್ತದೆ. ಯುಎಇ 2022ರ ನವೆಂಬರ್‌ನಿಂದಲೇ ವಿಸಿಟ್ ವೀಸಾದವರ ವಿಷಯದಲ್ಲಿ ಇದಕ್ಕೆ ತಕರಾರು ತೆಗೆಯುತ್ತಿದೆ. ಇನಿಷಿಯಲ್ ಬಿಡಿಸಿ ಬರೆಸಿ, ಎರಡು ಭಾಗದ ಹೆಸರು ಮಾಡಿಸಿಕೊಳ್ಳಿ. ಅನುಭವ ಪತ್ರದಲ್ಲೂ ಅದೇ ಹೆಸರು ಇರಲಿ. ಆಧಾರ್ ಸರಿಮಾಡಿಸಿ ಆಮೇಲೆ ಪಾಸ್‌ಪೋರ್ಟ್‌ಗೆ ಹೋಗಿ. ಉಲ್ಟಾ ಮಾಡಿದರೆ ಎರಡು ಸಲ ಓಡಾಡಬೇಕಾಗುತ್ತದೆ.

ಇಸಿಆರ್. ಎಸ್ಸೆಸ್ಸೆಲ್ಸಿ ಪಾಸಾಗದವರಿಗೆ ಸಾಮಾನ್ಯವಾಗಿ ಬರುವುದು ಇಸಿಆರ್ ಪಾಸ್‌ಪೋರ್ಟ್. ಒಳಗೆ 'ಎಮಿಗ್ರೇಷನ್ ಚೆಕ್ ರಿಕ್ವೈರ್ಡ್' ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಹಾಗೇನೂ ಇಲ್ಲದಿದ್ದರೆ ಅದು ನಾನ್-ಇಸಿಆರ್. ಇಸಿಆರ್ ಇರುವವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಗಲ್ಫ್‌ನ ಆರೂ ದೇಶಗಳು ಈ ಪಟ್ಟಿಯಲ್ಲಿವೆ. ಜೊತೆಗೆ ಜೋರ್ಡಾನ್, ಇರಾಕ್, ಮಲೇಷ್ಯಾ, ಥಾಯ್ಲೆಂಡ್‌ನಂಥವೂ ಇವೆ.

ಇಲ್ಲಿ ತುಂಬಾ ಜನ ಮಾಡುವ ತಪ್ಪು ಏನೆಂದರೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ಅರ್ಜಿ ಹಾಕುವಾಗ ಅಂಕಪಟ್ಟಿ ಕೊಟ್ಟಿರುವುದಿಲ್ಲ, ಸುಮ್ನೆ ಆಧಾರ್ ಮೇಲೆ ಮಾಡಿಸಿರುತ್ತಾರೆ. ಹಾಗಾಗಿ ಇಸಿಆರ್ ಬಂದಿರುತ್ತದೆ. ಅಂಕಪಟ್ಟಿ ಹಿಡಿದು ರೀಇಶ್ಯೂಗೆ ಅರ್ಜಿ ಹಾಕಿದರೆ ಅದು ಹೋಗುತ್ತದೆ. ಹಾಸನದಲ್ಲೇ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೆ ಪೊಲೀಸ್ ಪರಿಶೀಲನೆಗೆ ಟೈಮ್ ಹಿಡಿಯಬಹುದು. ಆಫರ್ ಬಂದ ಮೇಲೆ ಶುರು ಮಾಡಿದರೆ ತಡವಾಯಿತು ಅಂತಲೇ ಲೆಕ್ಕ.

## ಹಂತ 2: ಏಜೆಂಟ್ ಯಾರು ಅಂತ ನೀವೇ ಹುಡುಕಿ

'ನಮ್ಮೂರಿನವನೇ, ನಮ್ಮ ಮಾವನಿಗೆ ಪರಿಚಯ' ಅನ್ನುವುದು ಪರವಾನಗಿ ಆಗುವುದಿಲ್ಲ. 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ವಿದೇಶಕ್ಕೆ ಕೆಲಸದವರನ್ನು ಕಳಿಸುವವರು ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಆಗಿರಬೇಕು. ಪರವಾನಗಿ ಇಲ್ಲದೆ ಈ ಕೆಲಸ ಮಾಡುವುದು ಅಪರಾಧ. ಸಬ್ ಏಜೆಂಟ್ ಅಂತ ಕಾನೂನಿನಲ್ಲಿ ಯಾರೂ ಇಲ್ಲ.

ಮಾಡಬೇಕಾದ್ದು ಇಷ್ಟೇ. ಸರ್ಕಾರದ ಇಮೈಗ್ರೇಟ್ ವೆಬ್‌ಸೈಟ್ ತೆಗೆಯಿರಿ. 2024ರ ಅಕ್ಟೋಬರ್‌ನಲ್ಲಿ ಅದು ಹೊಸ ರೂಪದಲ್ಲಿ ಬಂದಿದೆ, ಮೊಬೈಲ್ ಆ್ಯಪ್ ಕೂಡ ಇದೆ. ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಏಜೆನ್ಸಿ ಹೆಸರು, ಪರವಾನಗಿ ನಂಬರ್, ವಿಳಾಸ, ಮೂರನ್ನೂ ಹೋಲಿಸಿ. ಪರವಾನಗಿ ಈಗಲೂ ಚಾಲ್ತಿಯಲ್ಲಿದೆಯೇ ಅಂತ ನೋಡಿ. ಅಮಾನತು ಆದವರ ಹೆಸರೂ, ಅವಧಿ ಮುಗಿದವರ ಹೆಸರೂ ಅಲ್ಲೇ ಇರುತ್ತದೆ. ಕೆಲವರು ಅಸಲಿ ಏಜೆನ್ಸಿಯ ನಂಬರನ್ನೇ ತಮ್ಮ ಜಾಹೀರಾತಿನಲ್ಲಿ ಹಾಕಿಕೊಳ್ಳುತ್ತಾರೆ. ಅದಕ್ಕೇ ಜಾಹೀರಾತಿನಲ್ಲಿರುವ ಫೋನ್ ನಂಬರ್‌ಗೆ ಮಾಡದೆ, ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ಫೋನ್ ಮಾಡಿ 'ಈ ಹೆಸರಿನವರು ನಿಮ್ಮ ಕಡೆಯವರಾ, ಈ ಕೆಲಸ ನಿಮ್ಮಲ್ಲಿ ಇದೆಯಾ' ಅಂತ ಕೇಳಿ.

ಫೀಸ್ ವಿಷಯ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ 30,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ಒಂದೂವರೆ ಲಕ್ಷ, ಎರಡು ಲಕ್ಷ ಕೇಳಿದರೆ ಅಲ್ಲೇ ನಿಲ್ಲಿಸಿ. 'ವೀಸಾ ಖರ್ಚು ಬೇರೆ' ಅಂದರೂ ನಂಬಬೇಡಿ. ಯುಎಇ ಕಾನೂನಿನಲ್ಲೂ ಸೌದಿ ಕಾನೂನಿನಲ್ಲೂ ನೇಮಕಾತಿ ಮತ್ತು ವೀಸಾ ಖರ್ಚು ಕೆಲಸ ಕೊಡುವವನದೇ.

ಕೊಡುವ ದುಡ್ಡು ಬ್ಯಾಂಕ್ ಮೂಲಕ, ಏಜೆನ್ಸಿ ಹೆಸರಿನ ಖಾತೆಗೆ ಮಾತ್ರ. ವ್ಯಕ್ತಿಯ ಗೂಗಲ್ ಪೇ ನಂಬರ್ ಕೊಟ್ಟರೆ ಬೇಡ. ಮತ್ತೆ, ಈ ಹಂತದಲ್ಲಿ ಪೂರ್ತಿ ಕೊಡಬೇಡಿ. ಹಂತ 6 ಮುಗಿದ ಮೇಲೆ ಕೊಡಿ.

## ಹಂತ 3: ಆಫರ್ ಲೆಟರ್ ಅನ್ನು ಸಾಲು ಸಾಲಾಗಿ ಓದಿ

ಎಲ್ಲರೂ ನೋಡುವುದು ಒಟ್ಟು ಸಂಬಳ. ನೋಡಬೇಕಾದ್ದು ಬೇಸಿಕ್. ಒಂದು ಲೆಕ್ಕ ಹೇಳುತ್ತೇನೆ. ಇಬ್ಬರಿಗೆ ದುಬೈನಲ್ಲಿ ತಿಂಗಳಿಗೆ 1,500 ದಿರ್ಹಮ್ ಅಂದುಕೊಳ್ಳಿ. ಒಬ್ಬನ ಬೇಸಿಕ್ 1,200, ಇನ್ನೊಬ್ಬನದು 600, ಉಳಿದದ್ದು ಭತ್ಯೆ. ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ ಬೇಸಿಕ್ ಮೇಲೆ ಲೆಕ್ಕ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್. ಎರಡು ವರ್ಷ ಮುಗಿಸಿ ಬರುವಾಗ ಮೊದಲಿನವನಿಗೆ 1,680 ದಿರ್ಹಮ್, ಎರಡನೆಯವನಿಗೆ 840. ಓವರ್‌ಟೈಮ್ ಕೂಡ ಬೇಸಿಕ್ ಮೇಲೆಯೇ. ಕೇಳುವಾಗ ಸಂಬಳ ಒಂದೇ ಇತ್ತು, ಅಲ್ವಾ?

ಇನ್ನು ನೋಡಬೇಕಾದವು: ಕೆಲಸದ ಹೆಸರು, ದಿನಕ್ಕೆ ಎಷ್ಟು ಗಂಟೆ, ವಾರದ ರಜೆ, ಊಟ ಮತ್ತು ರೂಮ್ ಯಾರದು, ಪ್ರೊಬೇಷನ್ ಎಷ್ಟು ತಿಂಗಳು (ಯುಎಇಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ), ಮುಗಿದ ಮೇಲೆ ವಾಪಸ್ ಟಿಕೆಟ್ ಕೊಡುತ್ತಾರಾ ಇಲ್ಲವಾ. 'ಫುಡ್ ಪ್ರೊವೈಡೆಡ್' ಅಂತ ಬರೆದಿದ್ದರೆ ದುಡ್ಡೋ ಊಟವೋ ಕೇಳಿ.

ಯುಎಇ ಆದರೆ ಕಂಪನಿ ಲೆಟರ್‌ಹೆಡ್ಡಿನ ಆಫರ್ ಸಾಲದು. ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿ ಆಫರ್ ಬರಬೇಕು, ಅದಕ್ಕೆ ನೀವು ಸಹಿ ಹಾಕಿದ ಮೇಲೆಯೇ ವೀಸಾ ಹೊರಡುತ್ತದೆ. ಆಮೇಲೆ ಬರುವ ಕರಾರಿನಲ್ಲಿ ಅದಕ್ಕಿಂತ ಕಡಿಮೆ ಬರೆಯುವಂತಿಲ್ಲ. ಆ ನಮೂನೆ ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ, ಮಲಯಾಳಂ, ತಮಿಳಿನಲ್ಲೂ ಸಿಗುತ್ತದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಇಂಗ್ಲಿಷ್ ಓದಬಲ್ಲವರೊಬ್ಬರನ್ನು ಕೂರಿಸಿಕೊಂಡು ಓದಿಸಿ. ಊರಿನ ಶಾಲೆ ಮೇಷ್ಟ್ರಾದರೂ ಸರಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ಖಾಲಿ ಕಾಗದಕ್ಕಂತೂ ಬೇಡವೇ ಬೇಡ.

## ಹಂತ 4: ಸರ್ಟಿಫಿಕೇಟ್ ದೃಢೀಕರಣ

ಡಿಗ್ರಿ, ಡಿಪ್ಲೊಮಾ ಕೇಳುವ ಕೆಲಸಕ್ಕೆ ಮಾತ್ರ ಇದು. ಹೆಲ್ಪರ್, ಕ್ಲೀನರ್ ಕೆಲಸಕ್ಕೆ ಸಾಮಾನ್ಯವಾಗಿ ಕೇಳುವುದಿಲ್ಲ. ಕೇಳದಿದ್ದರೆ ಸುಮ್ನೆ ದುಡ್ಡು ಹಾಕಬೇಡಿ.

ಮೊದಲು ರಾಜ್ಯ ಮಟ್ಟದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯ, ಕೊನೆಗೆ ಬೇಕಿದ್ದರೆ ಆ ದೇಶದ ರಾಯಭಾರ ಕಚೇರಿ. ಸೌದಿ, ಒಮಾನ್, ಬಹರೇನ್ ಅಪೊಸ್ಟಿಲ್ (ಒಂದು ದೇಶದ ದೃಢೀಕರಣ ಮುದ್ರೆಯನ್ನು ಇನ್ನೊಂದು ದೇಶ ನೇರವಾಗಿ ಒಪ್ಪುವ) ಒಪ್ಪಂದದಲ್ಲಿವೆ. ಸೌದಿ ಸೇರಿದ್ದು 2022ರ ಡಿಸೆಂಬರ್‌ನಲ್ಲಿ. ಅವಕ್ಕೆ ಸಚಿವಾಲಯದ ಅಪೊಸ್ಟಿಲ್ ಸಾಕು. ಯುಎಇ, ಕತಾರ್, ಕುವೈತ್‌ಗೆ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಹಾಗಾಗಿ ಯಾವ ದೇಶ ಅಂತ ಖಚಿತವಾಗದೆ ಶುರು ಮಾಡಬೇಡಿ.

ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟ್ ಮೇಲೆ ಮುದ್ರೆ ಒತ್ತಲು ಆಗುವುದಿಲ್ಲ. ಬಿಚ್ಚಲು ಹೋಗಿ ಅಕ್ಷರ ಕಿತ್ತುಕೊಂಡು ಬಂದ ಅಂಕಪಟ್ಟಿಗಳು ನಮ್ಮಲ್ಲಿ ಕಡಿಮೆ ಇಲ್ಲ. ಹಾಗೆ ಆಗಿದ್ದರೆ ಬೋರ್ಡ್ ಅಥವಾ ವಿಶ್ವವಿದ್ಯಾಲಯದಿಂದ ನಕಲು ಪ್ರತಿ ತೆಗೆಸಿ. ಇನ್ನೂ ಮಾಡಿಸದವರು ದಯವಿಟ್ಟು ಮಾಡಿಸಬೇಡಿ.

ನರ್ಸ್‌ಗಳಿಗೆ ಇಲ್ಲಿ ಕೆಲಸ ಜಾಸ್ತಿ. ಡೇಟಾಫ್ಲೋ ಪರಿಶೀಲನೆ (ಸರ್ಟಿಫಿಕೇಟ್, ಅನುಭವ ಪತ್ರ ಅಸಲಿಯೇ ಅಂತ ನೋಡುವುದು), ಆ ದೇಶದ ಆರೋಗ್ಯ ಇಲಾಖೆಯ ಪರೀಕ್ಷೆ, ಎರಡೂ ಆಗಬೇಕು. ಓದಿದ ಕಾಲೇಜು, ಕೆಲಸ ಮಾಡಿದ ಆಸ್ಪತ್ರೆ ಉತ್ತರ ಕೊಟ್ಟರೆ ಮಾತ್ರ ಡೇಟಾಫ್ಲೋ ಮುಗಿಯುತ್ತದೆ. ಆದ್ದರಿಂದ ಅದನ್ನು ಎಲ್ಲಕ್ಕಿಂತ ಮೊದಲು ಹಾಕಿ. ಇನ್ನೊಂದು ಮುಖ್ಯ ವಿಷಯ: 2015ರಿಂದ ನರ್ಸ್‌ಗಳು ನಾನ್-ಇಸಿಆರ್ ಪಾಸ್‌ಪೋರ್ಟ್ ಇದ್ದರೂ ಆ 18 ದೇಶಗಳಿಗೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಪಡೆಯಲೇಬೇಕು.

## ಹಂತ 5: ಮೆಡಿಕಲ್ ಮತ್ತು ಕೆಲಸದ ಪರೀಕ್ಷೆ

ಹಳಬರು ಗಾಮ್ಕಾ ಅನ್ನುತ್ತಿದ್ದ ಮೆಡಿಕಲ್ ಈಗ ವಾಫಿದ್ ಅನ್ನುವ ವೆಬ್‌ಸೈಟ್ ಮೂಲಕ. ಅಲ್ಲಿ ಬುಕ್ ಮಾಡಿ, ಅದು ಕೊಟ್ಟ ಕೇಂದ್ರಕ್ಕೇ ಹೋಗಬೇಕು. ಬೇರೆ ಲ್ಯಾಬ್‌ನ ವರದಿ ನಡೆಯುವುದಿಲ್ಲ. ಎದೆ ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ ಮುಖ್ಯ. ಹಿಂದೆ ಟಿಬಿ ಆಗಿ ವಾಸಿಯಾದವರಿಗೆ ಎಕ್ಸ್‌ರೇಯಲ್ಲಿ ಕಲೆ ಉಳಿದಿರಬಹುದು, ಅದರಿಂದಲೇ ಅನ್‌ಫಿಟ್ ಆಗುವವರಿದ್ದಾರೆ. ಅಂಥವರು ಏಜೆಂಟ್‌ಗೆ ಒಂದು ರೂಪಾಯಿ ಕೊಡುವ ಮೊದಲೇ ಜಿಲ್ಲಾ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ ಡಾಕ್ಟರ್ ಹತ್ತಿರ ಕೇಳುವುದು ಒಳ್ಳೆಯದು. ಮೆಡಿಕಲ್ ವರದಿಗೆ ಅವಧಿ ಇರುತ್ತದೆ, ಹಾಗಾಗಿ ಆಫರ್ ಖಚಿತವಾಗುವ ಮೊದಲು ಮಾಡಿಸಬೇಡಿ.

ಯುಎಇಗೆ ಹೋಗುವವರಿಗೆ ಮೆಡಿಕಲ್ ಆಗುವುದು ಅಲ್ಲಿಗೆ ಹೋದ ಮೇಲೆ. ಕತಾರ್‌ಗೆ ಕತಾರ್ ವೀಸಾ ಸೆಂಟರ್‌ನಲ್ಲಿ. ಅಲ್ಲಿ ಬೆರಳಚ್ಚು, ಮೆಡಿಕಲ್, ಕರಾರಿಗೆ ಸಹಿ ಎಲ್ಲ ಒಂದೇ ಕಡೆ. ಬೆಂಗಳೂರಿನಲ್ಲಿ ಆ ಸೆಂಟರ್ ಇಲ್ಲ. ಚೆನ್ನೈ, ಹೈದರಾಬಾದ್ ಅಥವಾ ಕೊಚ್ಚಿಗೆ ಹೋಗಬೇಕು.

ಸೌದಿಗೆ ಹೋಗುವ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಎಸಿ ಮೆಕ್ಯಾನಿಕ್, ಇಂಥವರಿಗೆ ಹೊರಡುವ ಮೊದಲೇ ಕೆಲಸದ ಪರೀಕ್ಷೆ ಇದೆ. ತಕಾಮುಲ್ ಟೆಸ್ಟ್ ಅನ್ನುತ್ತಾರೆ. ಪಾಸಾಗದಿದ್ದರೆ ವೀಸಾ ಮುಂದೆ ಹೋಗುವುದಿಲ್ಲ. 'ಟೆಸ್ಟ್ ಬರೆಯದೆ ಸರ್ಟಿಫಿಕೇಟ್ ಕೊಡಿಸುತ್ತೇವೆ' ಅಂದವರನ್ನು ದೂರ ಇಡಿ.

## ಹಂತ 6: ವೀಸಾ ಓದಿ. ಇದೇ ಎಲ್ಲಕ್ಕಿಂತ ಮುಖ್ಯ ಹಂತ

ಏಜೆಂಟ್ ಬಾಯಲ್ಲಿ ಹೇಳಿದ್ದು, ಆಫರ್‌ನಲ್ಲಿ ಬರೆದದ್ದು, ವೀಸಾದಲ್ಲಿ ಇರುವುದು ಮೂರೂ ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ ಆ ದೇಶದ ಕಾನೂನು ನಂಬುವುದು ವೀಸಾವನ್ನು ಮಾತ್ರ. ವೀಸಾ ಕೈಗೆ ಬಂದ ತಕ್ಷಣ ನಾಲ್ಕು ಜಾಗ ನೋಡಿ: ವೀಸಾ ಯಾವ ಬಗೆಯದು, ಪ್ರೊಫೆಷನ್ (ಕೆಲಸ) ಏನು, ಸ್ಪಾನ್ಸರ್ (ನಿಮ್ಮನ್ನು ಕರೆಸಿಕೊಳ್ಳುವವರು) ಯಾರು, ಪಾಸ್‌ಪೋರ್ಟ್ ನಂಬರ್ ಸರಿ ಇದೆಯಾ.

ಯುಎಇ. ಕೆಲಸದ ವೀಸಾದಲ್ಲಿ 'ಎಂಪ್ಲಾಯ್‌ಮೆಂಟ್' ಅನ್ನುವ ಪದ ಇರುತ್ತದೆ, ಸ್ಪಾನ್ಸರ್ ಜಾಗದಲ್ಲಿ ನಿಮಗೆ ಕೆಲಸ ಕೊಟ್ಟ ಕಂಪನಿ ಹೆಸರು ಇರುತ್ತದೆ. 'ಟೂರಿಸ್ಟ್' ಅಂತ ಇದ್ದು, ಸ್ಪಾನ್ಸರ್ ಜಾಗದಲ್ಲಿ ಯಾವುದೋ ಟ್ರಾವೆಲ್ಸ್ ಹೆಸರು ಇದ್ದರೆ ಅದು ಕೆಲಸದ ವೀಸಾ ಅಲ್ಲ. ವೀಸಾ ಅಸಲಿಯೋ ಅಲ್ಲವೋ ಅನ್ನುವುದನ್ನು ಅಲ್ಲಿನ ಸರ್ಕಾರಿ ವೆಬ್‌ಸೈಟ್‌ನಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ನೋಡಬಹುದು.

'ವಿಸಿಟ್‌ನಲ್ಲಿ ಹೋಗಿ, ಅಲ್ಲಿ ಚೇಂಜ್ ಮಾಡಿಸುತ್ತೇವೆ' ಅನ್ನುವ ಮಾತು ಎಲ್ಲರೂ ಕೇಳಿರುತ್ತೀರಿ. ದೇಶದ ಒಳಗೇ ವೀಸಾ ಬದಲಾಯಿಸಿಕೊಳ್ಳುವುದು ಯುಎಇಯಲ್ಲಿ ಆಗದ ಕೆಲಸವೇನಲ್ಲ. ಆದರೆ ಅದಕ್ಕೆ ಕಂಪನಿ ಕೆಲಸದ ಪರವಾನಗಿ ತೆಗೆಯಬೇಕು, ಅದು ಬರುವವರೆಗೆ ಒಂದು ದಿನವೂ ಕೆಲಸ ಮಾಡುವಂತಿಲ್ಲ. ನಿಜದಲ್ಲಿ ನಡೆಯುವುದು ಬೇರೆ. ಮಾರನೇ ದಿನವೇ ಕೆಲಸಕ್ಕೆ ಹಚ್ಚುತ್ತಾರೆ, 'ಈ ತಿಂಗಳು, ಮುಂದಿನ ತಿಂಗಳು' ಅಂತ ಎಳೆಯುತ್ತಾರೆ, ವೀಸಾ ಮುಗಿಯುತ್ತದೆ. ಆಮೇಲೆ ದಿನಕ್ಕೆ 50 ದಿರ್ಹಮ್ ದಂಡ ಬೀಳುತ್ತಾ ಹೋಗುತ್ತದೆ. ಸಂಬಳ ಕೊಡಲಿಲ್ಲ ಅಂತ ದೂರು ಕೊಡೋಣ ಅಂದರೆ ನೀವು ಅಲ್ಲಿ ಕೆಲಸ ಮಾಡಿದ್ದಕ್ಕೆ ದಾಖಲೆಯೇ ಇರುವುದಿಲ್ಲ. ಪರವಾನಗಿ ಇಲ್ಲದೆ ಕೆಲಸಕ್ಕೆ ಇಟ್ಟುಕೊಂಡವರಿಗೆ 2024ರಲ್ಲಿ ದಂಡ ಏರಿಸಿದ್ದಾರೆ, ಈಗ ಅದು ಕನಿಷ್ಠ 1 ಲಕ್ಷ, ಗರಿಷ್ಠ 10 ಲಕ್ಷ ದಿರ್ಹಮ್. ಹಾಗಾಗಿ ತಪಾಸಣೆ ಬಂದರೆ ನಿಮ್ಮನ್ನು ಹಿಂದಿನ ಬಾಗಿಲಿಂದ ಓಡಿಸುವುದು ಅವರೇ.

ಸೌದಿ. ಇಲ್ಲಿ ಪ್ರೊಫೆಷನ್ ಜಾಗ ಅರೇಬಿಕ್‌ನಲ್ಲಿ ಇರುತ್ತದೆ. ಮೊಬೈಲ್‌ನ ಅನುವಾದ ಆ್ಯಪ್‌ನಲ್ಲಿ ಫೋಟೊ ತೆಗೆದರೆ ಓದಬಹುದು. 'ಸಾಯಿಕ್ ಖಾಸ್' ಅಂತ ಇದ್ದರೆ ಅದು ಮನೆ ಡ್ರೈವರ್. ಕಂಪನಿ ಡ್ರೈವರ್ ಅಂತ ಹೇಳಿ ಇದನ್ನು ಕೊಡುವುದು ಹಳೇ ಮೋಸ. ಮನೆಗೆಲಸದ ವರ್ಗಕ್ಕೆ ಸೇರಿದವರಿಗೆ ಸಾಮಾನ್ಯ ಕಾರ್ಮಿಕ ಕಾನೂನು ಪೂರ್ತಿಯಾಗಿ ಅನ್ವಯಿಸುವುದಿಲ್ಲ, ನಿಯಮ ಬೇರೆ. ಗಾರ್ಡನ್ ಕೆಲಸ ಅಂತ ಹೇಳಿ ಕುರಿ ಕಾಯುವ ವೀಸಾ ಕೊಟ್ಟರೆ ಮರುಭೂಮಿಯ ಮಧ್ಯೆ ಫೋನ್ ಸಿಗ್ನಲ್ ಇಲ್ಲದ ಕಡೆ ಬಿಟ್ಟುಬಿಡಬಹುದು. ಆ ಒಂದು ಪದ ಓದಲು ಐದು ನಿಮಿಷ ಸಾಕು. ಸೌದಿಯ ವಿಸಿಟ್ ವೀಸಾ, ಬಿಸಿನೆಸ್ ವೀಸಾದಲ್ಲಿ ಕೆಲಸಕ್ಕೆ ಹೋಗಲೇಬೇಡಿ.

ಕುವೈತ್. ಆರ್ಟಿಕಲ್ ನಂಬರ್ ಕೇಳಿ. 18 ಅಂದರೆ ಖಾಸಗಿ ಕಂಪನಿ ಕೆಲಸ. 20 ಅಂದರೆ ಮನೆಗೆಲಸ. ನಂಬರ್ 20ರಲ್ಲಿ ಹೋಗಿ ಅಂಗಡಿಯಲ್ಲೋ ಹೋಟೆಲ್‌ನಲ್ಲೋ ಕೆಲಸ ಮಾಡುವುದು ಅಲ್ಲಿ ಅಕ್ರಮ. ಕುವೈತ್‌ಗೆ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೂಡ ಬೇಕು, ಅದಕ್ಕೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟ್‌ನಲ್ಲೇ ಅರ್ಜಿ.

ಕತಾರ್, ಒಮಾನ್, ಬಹರೇನ್. ಕತಾರ್‌ನಲ್ಲಿ 2021ರ ಮಾರ್ಚ್‌ನಿಂದ ಕನಿಷ್ಠ ವೇತನ ಇದೆ: 1,000 ರಿಯಾಲ್ ಬೇಸಿಕ್, ಊಟ ಕೊಡದಿದ್ದರೆ 300, ವಸತಿ ಕೊಡದಿದ್ದರೆ 500. ಆಫರ್ ಅದಕ್ಕಿಂತ ಕೆಳಗಿದ್ದರೆ ಪ್ರಶ್ನೆ ಮಾಡಿ. ಒಮಾನ್, ಬಹರೇನ್‌ಗೂ ಇದೇ ಮಾತು, ಪ್ರೊಫೆಷನ್ ಮತ್ತು ಸ್ಪಾನ್ಸರ್ ಹೆಸರು ಹೋಲಿಸಿ ನೋಡಿ.

ವೀಸಾ ತಪ್ಪಾಗಿದೆ ಅಂತ ಗೊತ್ತಾದ ಮೇಲೆ ಹೋಗಬೇಡಿ. ಕೊಟ್ಟ ಮುಂಗಡ ಹೋದರೂ ಹೋಗಲಿ. ಇಲ್ಲಿ ಕಳೆದುಕೊಂಡದ್ದನ್ನು ಇಲ್ಲೇ ದುಡಿಯಬಹುದು. ಅಲ್ಲಿ ಪಾಸ್‌ಪೋರ್ಟ್ ಇಲ್ಲದೆ ದಂಡದ ಬಾಕಿ ಹೊತ್ತು ನಿಂತವರು ವಾಪಸ್ ಬರಲು ಪಡುವ ಕಷ್ಟ ಬಹಳ ದೊಡ್ಡದು.

## ಹಂತ 7: ಎಮಿಗ್ರೇಷನ್ ಕ್ಲಿಯರೆನ್ಸ್, ವಿಮೆ, ತರಬೇತಿ

ಇಸಿಆರ್ ಪಾಸ್‌ಪೋರ್ಟ್‌ನವರು ಮತ್ತು ನರ್ಸ್‌ಗಳಿಗೆ ಇದು ಕಡ್ಡಾಯ. ಅರ್ಜಿ ಇಮೈಗ್ರೇಟ್‌ನಲ್ಲೇ, ಶುಲ್ಕ 200 ರೂಪಾಯಿ. ಏಜೆಂಟ್ ಮೂಲಕ ಹೋಗುತ್ತಿದ್ದರೆ ಅವರೇ ಹಾಕಬೇಕು. ನಮ್ಮ ರಾಜ್ಯಕ್ಕೆ ಸಂಬಂಧಿಸಿದ ಅಧಿಕಾರಿ, ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್, ಬೆಂಗಳೂರಿನಲ್ಲಿದ್ದಾರೆ.

ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ. ಪ್ರೀಮಿಯಂ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವಿಕಲತೆ ಆದರೆ 10 ಲಕ್ಷ. ಪಾಲಿಸಿ ಪ್ರತಿ ಮನೆಯಲ್ಲಿ ಇಡಿ, ನಾಮಿನಿ ಯಾರು ಅಂತ ಅವರಿಗೆ ಹೇಳಿ. ಪಾಲಿಸಿ ಇದ್ದೂ ಮನೆಯವರಿಗೆ ಗೊತ್ತಿಲ್ಲದಿದ್ದರೆ ಏನು ಪ್ರಯೋಜನ? ನಾನ್-ಇಸಿಆರ್ ಇರುವವರು ಕೂಡ ಇಮೈಗ್ರೇಟ್‌ನಲ್ಲಿ ಸ್ವಇಚ್ಛೆಯಿಂದ ನೋಂದಣಿ ಮಾಡಿಕೊಳ್ಳಬಹುದು, ಮಾಡಿಕೊಳ್ಳಿ ಅಂತಲೇ ನನ್ನ ಸಲಹೆ. ಹೊರಡುವ ಮುಂಚಿನ ಒಂದು ದಿನದ ತರಬೇತಿ ಉಚಿತ.

ಹೆಣ್ಣುಮಕ್ಕಳ ವಿಷಯದಲ್ಲಿ ನಿಯಮ ಬಿಗಿ. ಇಸಿಆರ್ ಪಾಸ್‌ಪೋರ್ಟ್ ಇದ್ದರೆ 30 ವರ್ಷ ತುಂಬಿರಬೇಕು. ಮನೆಗೆಲಸಕ್ಕೆ ಅಂತ 25 ವರ್ಷದ ಹುಡುಗಿಯನ್ನು ವಿಸಿಟ್ ವೀಸಾದಲ್ಲಿ ಕಳಿಸಲು ಹೊರಟವನು ಈ ನಿಯಮ ತಪ್ಪಿಸಲೆಂದೇ ಹಾಗೆ ಮಾಡುತ್ತಿದ್ದಾನೆ ಅಂತ ತಿಳಿಯಿರಿ.

ಇಸಿಆರ್ ಇದ್ದು, ಕ್ಲಿಯರೆನ್ಸ್ ಇಲ್ಲದೆ, ಟೂರಿಸ್ಟ್ ವೀಸಾ ಹಿಡಿದು ಹೋದವರನ್ನು ಏರ್‌ಪೋರ್ಟ್ ಇಮಿಗ್ರೇಷನ್‌ನಲ್ಲೇ ಇಳಿಸಿ ವಾಪಸ್ ಕಳಿಸಬಹುದು. 'ಕೇಳಿದರೆ ಅಣ್ಣನ ಮನೆಗೆ ಹೋಗುತ್ತಿದ್ದೇನೆ ಅನ್ನು' ಅಂತ ಹೇಳಿಕೊಟ್ಟಿದ್ದರೆ ಆ ಪ್ರಯಾಣವೇ ಬೇಡ.

## ಹಂತ 8: ಹೊರಡುವ ವಾರ

ಪಾಸ್‌ಪೋರ್ಟ್, ವೀಸಾ, ಕರಾರು, ಕ್ಲಿಯರೆನ್ಸ್, ವಿಮೆ, ರಸೀದಿಗಳು, ಎಲ್ಲದರ ಎರಡು ಸೆಟ್ ಜೆರಾಕ್ಸ್. ಒಂದು ಮನೆಯಲ್ಲಿ, ಒಂದು ನಿಮ್ಮ ಚೀಲದಲ್ಲಿ. ಫೋಟೊ ತೆಗೆದು ನಿಮ್ಮ ಇಮೇಲ್‌ಗೂ ಕಳಿಸಿಕೊಳ್ಳಿ, ಫೋನ್ ಕಳೆದರೂ ಅವು ಉಳಿಯುತ್ತವೆ.

ಮನೆಯಲ್ಲಿ ಕಟ್ಟಿಕೊಟ್ಟ ಡಬ್ಬಿಗಳನ್ನು ಒಂದು ಸಲ ಬಿಚ್ಚಿ ನೋಡಿ. ಗಸಗಸೆ ಯುಎಇ, ಸೌದಿ, ಕತಾರ್‌ನಲ್ಲಿ ನಿಷೇಧಿತ. ಅಮ್ಮ ಪ್ರೀತಿಯಿಂದ ಪಾಯಸಕ್ಕೆ ಅಂತ ಹಾಕಿದ ಒಂದು ಹಿಡಿ ಗಸಗಸೆ ಅಲ್ಲಿ ಮಾದಕ ವಸ್ತುವಿನ ಕೇಸ್ ಆಗುತ್ತದೆ. ಮಸಾಲೆ ಪುಡಿಯಲ್ಲಿ ಬೆರೆತಿದ್ದರೂ ಬೇಡ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ನೋವಿನ ಮಾತ್ರೆಯೂ ಹಾಗೇ. ಯಾರಾದರೂ 'ನಮ್ಮ ಹುಡುಗನಿಗೆ ಈ ಪೊಟ್ಟಣ ಕೊಟ್ಟುಬಿಡಿ' ಅಂದರೆ, ನೆಂಟರಾದರೂ ಸರಿ, ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡಿ.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಮಂಗಳೂರು ವಿಮಾನ ನಿಲ್ದಾಣ ಹತ್ತಿರ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಯಾವಾಗ ಬಂದ್ ಆಗುತ್ತದೆ ಹೇಳಲಾಗುವುದಿಲ್ಲ. ಮಳೆಗಾಲದಲ್ಲಿ ಒಂದು ದಿನ ಮೊದಲೇ ಇಳಿದುಬಿಡಿ.

## ಹಂತ 9: ಅಲ್ಲಿ ಇಳಿದ ಮೇಲೆ

ಎಂಟ್ರಿ ವೀಸಾ ಅನ್ನುವುದು ಒಳಗೆ ಹೋಗಲು ಮಾತ್ರ. ಅಲ್ಲಿ ಇರಲು ಬೇರೆ ಗುರುತಿನ ಚೀಟಿ ಆಗಬೇಕು. ಯುಎಇಯಲ್ಲಿ 60 ದಿನದೊಳಗೆ ಮೆಡಿಕಲ್, ಬೆರಳಚ್ಚು, ಎಮಿರೇಟ್ಸ್ ಐಡಿ ಮುಗಿಯಬೇಕು. ಸೌದಿಯಲ್ಲಿ 90 ದಿನದೊಳಗೆ ಇಕಾಮಾ. ಇದನ್ನು ಮಾಡಿಸುವುದು ಕಂಪನಿಯ ಜವಾಬ್ದಾರಿ. ಆದರೆ ದಿನ ಎಣಿಸುವುದು ನಿಮ್ಮ ಜವಾಬ್ದಾರಿ. ಇಳಿದ ತಾರೀಖು ಬರೆದಿಟ್ಟುಕೊಳ್ಳಿ, ಅರ್ಧ ಅವಧಿ ದಾಟಿದರೂ ಮೆಡಿಕಲ್‌ಗೇ ಕರೆಯದಿದ್ದರೆ ಬಾಯಿಬಿಟ್ಟು ಕೇಳಿ.

ಸೌದಿಯಲ್ಲಿ ಕ್ವಿವಾ ಅನ್ನುವ ಸರ್ಕಾರಿ ಕಾರ್ಮಿಕ ವೆಬ್‌ಸೈಟ್‌ಗೆ ಬರುವ ಕರಾರನ್ನು ನೀವೇ ಓದಿ ಒಪ್ಪಬೇಕು. ಕಂಪನಿಯ ಪಿಆರ್‌ಒಗೆ (ವೀಸಾ, ಸರ್ಕಾರಿ ಕಾಗದದ ಕೆಲಸ ನೋಡುವವರಿಗೆ) ಫೋನ್ ಕೊಟ್ಟು 'ನೀವೇ ಒತ್ತಿಬಿಡಿ' ಅನ್ನಬೇಡಿ. ಆಫರ್‌ನಲ್ಲಿದ್ದ ಬೇಸಿಕ್ ಅದರಲ್ಲಿ ಇದೆಯಾ ನೋಡಿ.

ನಿಮ್ಮ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಕ್ಕು ಕಂಪನಿಗೆ ಇಲ್ಲ. ವೀಸಾ ಕೆಲಸಕ್ಕೆ ಅಂತ ಕೊಟ್ಟರೆ ಮುಗಿದ ಮೇಲೆ ವಾಪಸ್ ಕೇಳಿ. ಸಂಬಳ ಬ್ಯಾಂಕ್ ಮೂಲಕವೇ ಬರಲಿ. ನಗದು ಕೊಟ್ಟು ಸಹಿ ಹಾಕಿಸಿಕೊಂಡರೆ ಮುಂದೆ ದೂರು ಕೊಡುವಾಗ ಕಷ್ಟ.

## ಹಂತ 10: ಕೆಲಸ ಬದಲಾಯಿಸುವಾಗ, ಬಿಡುವಾಗ

ಹೇಳದೆ ಕೇಳದೆ ಹೊರಟುಹೋಗುವುದೇ ಇಲ್ಲಿನ ದೊಡ್ಡ ತಪ್ಪು. ಸಂಬಳ ಕೊಡದಿದ್ದರೂ, ಬೈದರೂ, ರೂಮ್ ಬಿಟ್ಟು ಗೆಳೆಯನ ಹತ್ತಿರ ಹೋದ ತಕ್ಷಣ ತಪ್ಪು ನಿಮ್ಮ ಮೇಲೆ ಬರುತ್ತದೆ. ಯುಎಇಯಲ್ಲಿ ಸತತ ಏಳು ದಿನಕ್ಕಿಂತ ಜಾಸ್ತಿ ಬರದಿದ್ದರೆ ಕಂಪನಿ ಪರಾರಿ ಅಂತ ದೂರು ಕೊಡಬಹುದು. ಸೌದಿಯಲ್ಲಿ ಇದಕ್ಕೆ ಹುರೂಬ್ ಅನ್ನುತ್ತಾರೆ. ಅದು ಬಿದ್ದ ಮೇಲೆ ಇಕಾಮಾ ಇದ್ದೂ ಇಲ್ಲದಂತೆ. ಮೊದಲು ಕಾರ್ಮಿಕ ಇಲಾಖೆಗೆ ದೂರು ಕೊಡಿ, ದೂರಿನ ನಂಬರ್ ಇಟ್ಟುಕೊಳ್ಳಿ, ಆಮೇಲೆ ಮುಂದಿನ ಮಾತು.

ಬೇರೆ ಕಂಪನಿಗೆ ಹೋಗುವುದಕ್ಕೆ ಈಗ ಮೊದಲಿನಷ್ಟು ಕಟ್ಟು ಇಲ್ಲ. ಕತಾರ್‌ನಲ್ಲಿ 2020ರಿಂದ, ಒಮಾನ್‌ನಲ್ಲಿ 2021ರಿಂದ ಹಳೇ ಮಾಲೀಕನ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಡ. ಆದರೆ ನೋಟಿಸ್ ಕೊಡಬೇಕು, ಹೊಸ ಪರವಾನಗಿ ಬಂದ ಮೇಲೆಯೇ ಹೊಸ ಕಡೆ ಕೆಲಸ ಶುರು ಮಾಡಬೇಕು. ರಜೆ ದಿನ ಬೇರೆ ಕಡೆ ಪಾರ್ಟ್ ಟೈಮ್ ಮಾಡುವುದೂ ಪರವಾನಗಿ ಇಲ್ಲದಿದ್ದರೆ ಅಕ್ರಮವೇ.

## ಎಲ್ಲಿ ಕಂಡರೂ ನಿಲ್ಲಬೇಕಾದ ಸೂಚನೆಗಳು

ಇಂಟರ್‌ವ್ಯೂ ಇಲ್ಲದೆ ಆಫರ್. ಜಿಮೇಲ್ ವಿಳಾಸದಿಂದ ಬಂದ ಕಂಪನಿ ಪತ್ರ. 'ಇವತ್ತೇ ಕಟ್ಟಿದರೆ ಮಾತ್ರ ಸೀಟು.' ಅಸಲಿ ಪಾಸ್‌ಪೋರ್ಟ್ ಮೊದಲೇ ಕೇಳುವುದು. ಒಂದು ದೇಶಕ್ಕೆ ಅಂತ ಹೇಳಿ ಇನ್ನೊಂದು ದೇಶಕ್ಕೆ ಟಿಕೆಟ್.

ಓದಿದ ಹುಡುಗರಿಗೆ ಬರುವ ಮೋಸ ಇನ್ನೊಂದು ಬಗೆಯದು. ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ, ಡಿಜಿಟಲ್ ಮಾರ್ಕೆಟಿಂಗ್, ಭಾರಿ ಸಂಬಳ, ಟಿಕೆಟ್ ಕೂಡ ಅವರದೇ. ಇಳಿದ ಮೇಲೆ ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಒಯ್ಯುತ್ತಾರೆ. ಕಾಂಬೋಡಿಯಾ, ಲಾವೋಸ್‌ನಲ್ಲೂ ಇಂಥ ಜಾಗಗಳಿವೆ. ಅಲ್ಲಿ ಕೂಡಿಹಾಕಿ ಆನ್‌ಲೈನ್ ವಂಚನೆ ಕೆಲಸ ಮಾಡಿಸುತ್ತಾರೆ. ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಪ್ರವಾಸಿಯಾಗಿ ಹೋಗಿ ಥಾಯ್ಲೆಂಡ್‌ನಲ್ಲಿ ಕೆಲಸ ಮಾಡುವಂತಿಲ್ಲ, ಅಲ್ಲಿಗೇ ಆ ಆಫರ್ ಸುಳ್ಳು ಅಂತಾಯಿತು.

## ಸಿಕ್ಕಿಹಾಕಿಕೊಂಡರೆ ಯಾರಿಗೆ ಹೇಳುವುದು

ಅಲ್ಲಿರುವವರು ಮೊದಲು ಭಾರತೀಯ ರಾಯಭಾರ ಕಚೇರಿಗೆ ಹೇಳಬೇಕು. ಯುಎಇಯಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ನಂಬರ್ 800 46342. ಆನ್‌ಲೈನ್‌ನಲ್ಲಿ ಮದದ್ ಪೋರ್ಟಲ್ ಇದೆ, ಅಲ್ಲಿ ದೂರು ಹಾಕಿದರೆ ನಂಬರ್ ಸಿಗುತ್ತದೆ, ಏನಾಯಿತು ಅಂತ ನೋಡುತ್ತಿರಬಹುದು. ಮನೆಯವರೂ ಹಾಕಬಹುದು. ಊರಿಗೆ ಬರಲು ಟಿಕೆಟ್‌ಗೂ ಗತಿ ಇಲ್ಲದವರಿಗೆ ರಾಯಭಾರ ಕಚೇರಿಯ ಬಳಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ, ಕೇಳಲು ಸಂಕೋಚ ಬೇಡ.

ಇಲ್ಲಿ ಇರುವವರಿಗೆ ಸಹಾಯವಾಣಿ 1800 11 3090. ಏಜೆಂಟ್ ಮೋಸ ಮಾಡಿದ್ದರೆ ನಿಮ್ಮ ಠಾಣೆಯಲ್ಲಿ ದೂರು ಕೊಡಿ, ಬೆಂಗಳೂರಿನ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಗೂ ಬರೆಯಿರಿ. ದೂರಿನ ಜೊತೆ ಹಣ ಕಳಿಸಿದ ಬ್ಯಾಂಕ್ ದಾಖಲೆ, ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್, ಕೊಟ್ಟ ವೀಸಾದ ಪ್ರತಿ, ಏಜೆಂಟ್‌ನ ಫೋನ್ ನಂಬರ್ ಇರಲಿ. ಸಂಧಾನಕ್ಕೆ ಕರೆದು ಅರ್ಧ ದುಡ್ಡು ಕೊಡುತ್ತೇನೆ ಅಂದರೂ, ಕೈಗೆ ಬರುವವರೆಗೆ ಚಾಟ್ ಅಳಿಸಬೇಡಿ, ದೂರು ವಾಪಸ್ ತೆಗೆಯಬೇಡಿ.